ಪುಂಡಿಪಲ್ಲೆಗೆ ಎಷ್ಟು ಸೀಟಿ?

ಅಡಿಗೆ ಮಾಡಲು ಬರುವವರೆಲ್ಲರಿಗೂ ಅಡಿಗೆಯನ್ನು ಹೇಳಲು ಬರುವುದಿಲ್ಲ. ಹೇಳಲು ಬರುವವರ ಕೈಯ ಅಡಿಗೆಯನ್ನು ಉಣ್ಣುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಕನ್ನಡದಲ್ಲಿ ಹೇಳಿದವರಿಗೇನೂ ಕೊರತೆಯಿಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ಮಳೆ, ಬೆಳೆ, ಬಾವಿಗಳ ವಿಚಾರದೊಂದಿಗೆ ಸೂಪಶಾಸ್ತ್ರಕ್ಕೂ ಒಂದು ಮಣೆ ಹಾಕಿದ. 1508ರ ಸುಮಾರಿಗೆ ಮೂರನೆಯ ಮಂಗರಸ ಇಡೀ ‘ಸೂಪಶಾಸ್ತ್ರ’ವನ್ನೇ ವಾರ್ಧಕ ಷಟ್ಪದಿಯಲ್ಲಿ ಬರೆದ; ಅದರಲ್ಲಿ ಬದನೆಕಾಯಿಗೆ ಸಂದಿರುವ ಗೌರವ ನಮ್ಮ ಎಷ್ಟೋ ಅರಸರಿಗೆ ಕಾವ್ಯದಲ್ಲಿ ಸಂದಿಲ್ಲ. ತರಗತಿಯಲ್ಲಿ ನಾನು ಈ ಎರಡು ಗ್ರಂಥಗಳ ಹೆಸರು, ಕಾಲ, ಛಂದಸ್ಸು ಹೇಳಿ ಮುಂದೆ ಸಾಗುವುದು ವಾಡಿಕೆ. ಪರೀಕ್ಷೆಗೆ ಬರುವುದು ಅಷ್ಟೆ. ಆದರೆ ಎದುರಿಗೆ ಹದಿನಾಲ್ಕು ಜನ ಹೆಂಗಸರನ್ನು ಕುಳ್ಳಿರಿಸಿಕೊಂಡು, ಅವರ ಕಣ್ಣು ನನ್ನ ಕೈಯ ಮೇಲೆ, ನನ್ನ ಕಣ್ಣು ಒಲೆಯ ಮೇಲೆ ಇರುವಂತೆ, ಹೇಳುತ್ತಲೇ ಮಾಡಿ ತೋರಿಸುವ ಪ್ರಸಂಗ ಪಾಪ ಮಂಗರಸನಿಗೆ ಬರಲಿಲ್ಲ. ನನಗೆ ಬಂತು.

ಅದಕ್ಕೆ ಕಾರಣ ನನ್ನ ತಂಗಿ. ಆಕೆ ಇರುವುದು ಶಹಾಪುರದಲ್ಲಿ. ಬುದ್ಧ ಮಲಗಿದಂತೆ ಕಾಣುವ ಆ ಊರಿನ ಬೆಟ್ಟ ಅವಳ ಮಾಳಿಗೆಯ ಮೇಲಿನಿಂದ ಚೆನ್ನಾಗಿ ಕಾಣುತ್ತದೆ. ಗಂಡ ತೀರಿಕೊಂಡು ಮೂರು ವರ್ಷವಾಯಿತು. ಮಗ ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದಾನೆ. ಮನೆಯಲ್ಲಿ ಒಂದು ಹೊಲಿಗೆ ಯಂತ್ರವಿದೆ. ಲಗ್ನದ ಹಂಗಾಮು ಬಂದರೆ ಅದು ನಡೆಯುತ್ತದೆ, ಹಂಗಾಮು ಮುಗಿದರೆ ಅದರ ಮೇಲೆ ಬಟ್ಟೆ ಮುಚ್ಚಿಡುತ್ತಾಳೆ. ಹುಡುಗನ ಫೀಜು ನಾನು ತುಂಬುತ್ತೇನೆಂದು ಎರಡು ಸಲ ಹೇಳಿದೆ. ಎರಡು ಸಲವೂ ನಕ್ಕು, ಚಹಾ ತಂದಿಟ್ಟು, ಬೇರೆ ಮಾತು ತೆಗೆದಳು. ಮೂರನೆಯ ಸಲ ಕೇಳುವ ಎದೆ ನನಗಾಗಲಿಲ್ಲ.

ಅಂಥವಳು ಒಂದು ಸಂಜೆ ಫೋನು ಮಾಡಿ, ಸ್ಟೀಲ್ ಪಾತ್ರೆಗಳ ಒಂದು ಕಂಪನಿಯ ಮಾರಾಟ ಹಿಡಿದಿರುವುದಾಗಿ ಹೇಳಿದಳು. ಅಂಗಡಿಯ ವ್ಯಾಪಾರವಲ್ಲ. ಒಬ್ಬರ ಮನೆಯಲ್ಲಿ ಹತ್ತು ಹದಿನೈದು ಜನ ಹೆಂಗಸರನ್ನು ಸೇರಿಸುವುದು, ಅವರೆದುರಿಗೆ ಆ ಪಾತ್ರೆಯಲ್ಲಿ ಅಡಿಗೆ ಮಾಡಿ ತೋರಿಸುವುದು, ಉಣ್ಣಿಸುವುದು, ಬೇಕೆಂದವರ ಹೆಸರು ಬರೆದುಕೊಳ್ಳುವುದು.

“ಮೊದಲನೇದು ನಿನ್ನ ಮನಿಯೊಳಗ, ಅಕ್ಕ. ಹೇಳೋದು ನೀನ ಹೇಳಬೇಕು; ನನಗ ನಾಲ್ಕು ಮಂದಿ ಮುಂದ ಬಾಯಿ ಒಣಗತದ. ಆದ್ರ ಒಂದು ಮಾತು. ನೀ ಒಂದು ಚಮಚಾ ಸುದ್ದಾ ಕೊಳ್ಳಂಗಿಲ್ಲ.”

“ಯಾಕ?”

“ನೀ ಕೊಂಡ್ರ ನನಗ ಏನು ಗೊತ್ತಾಗತದ? ಭಾಂಡೆ ನೋಡಿ ಕೊಂಡ್ಯೋ, ನನ್ನ ಮಾರಿ ನೋಡಿ ಕೊಂಡ್ಯೋ?”

ಈ ಪ್ರಶ್ನೆಯನ್ನು ಆಕೆ ಕೇಳಬಾರದಿತ್ತು ಎಂದು ಯಾವ ಕಂಪನಿಯವನಾದರೂ ಹೇಳಿಯಾನು. ಏಕೆಂದರೆ ಈ ಬಗೆಯ ವ್ಯಾಪಾರ ನಿಂತಿರುವುದೇ ಮಾರಿ ನೋಡಿ ಕೊಳ್ಳುವುದರ ಮೇಲೆ. ಅಮೇರಿಕೆಯಲ್ಲಿ ಅರ್ಲ್ ಟಪ್ಪರ್ ಎಂಬವನು 1940ರ ದಶಕದಲ್ಲಿ ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳನ್ನು ಮಾಡಿದ. ಅಂಗಡಿಗಳಲ್ಲಿ ಅವು ಹಾಗೆಯೇ ಕುಳಿತವು. ಆ ಮುಚ್ಚಳವನ್ನು ಒತ್ತಿ ಗಾಳಿ ಬಿಟ್ಟು ಹಾಕುವ ಬಗೆ ಗಿರಾಕಿಗಳಿಗೆ ತಿಳಿಯಲಿಲ್ಲ. ಮನೆಗಳಲ್ಲಿ ಗೆಳತಿಯರನ್ನು ಕೂಡಿಸಿ, ಒತ್ತಿ ತೋರಿಸಿ ಮಾರಿದವರಲ್ಲಿ ಬ್ರೌನಿ ವೈಸ್ ಎಂಬಾಕೆ ಮುಂದಾಳು. ಗಂಡನಿಂದ ವಿಚ್ಛೇದನ ಪಡೆದು, ಒಬ್ಬ ಮಗನನ್ನು ಸಾಕುತ್ತಿದ್ದ ಹೆಂಗಸು. 1951ರಲ್ಲಿ ಟಪ್ಪರ್ ತನ್ನ ಡಬ್ಬಿಗಳನ್ನು ಅಂಗಡಿಗಳಿಂದಲೇ ತೆಗೆಸಿ, ಮನೆಮನೆಯ ಮಾರಾಟವನ್ನು ಅವಳ ಕೈಗೆ ಕೊಟ್ಟ. 1954ರಲ್ಲಿ ‘ಬಿಸಿನೆಸ್ ವೀಕ್’ ಪತ್ರಿಕೆಯ ಮುಖಪುಟದ ಮೇಲೆ ಅವಳ ಚಿತ್ರ ಬಂತು. ಆ ಪತ್ರಿಕೆಯ ಮುಖಪುಟವೇರಿದ ಮೊದಲ ಹೆಣ್ಣುಮಗಳು ಆಕೆ. 1958ರಲ್ಲಿ ಟಪ್ಪರ್ ಅವಳನ್ನು ಕೆಲಸದಿಂದ ತೆಗೆದ. ಕೈಗೆ ಬಂದದ್ದು ಒಂದು ವರ್ಷದ ಸಂಬಳ. ಕಂಪನಿಯಲ್ಲಿ ಒಂದು ಷೇರೂ ಅವಳ ಹೆಸರಿನಲ್ಲಿರಲಿಲ್ಲ. ಆ ಡಬ್ಬಿಗಳು ನಮ್ಮ ದೇಶಕ್ಕೆ 1996ರಲ್ಲಿ ಬಂದವು. 2024ರಲ್ಲಿ ಅಮೇರಿಕೆಯ ಮೂಲ ಕಂಪನಿ ದಿವಾಳಿಯ ಅರ್ಜಿ ಹಾಕಿತು. ಆದರೆ ಬೈಠಕ್ಕಿನ ಕೋಣೆಯನ್ನು ಒಂದು ತಾಸಿನ ಮಟ್ಟಿಗೆ ಅಂಗಡಿ ಮಾಡುವ ಆ ಉಪಾಯ ಮಾತ್ರ ದಿವಾಳಿಯಾಗಲಿಲ್ಲ. ಅದು ಶಹಾಪುರದ ಬಸ್ಸು ಹತ್ತಿ ಯಾದಗಿರಿಗೆ ಬಂತು.

ಈ ಉಪಾಯದ ಇಂಧನ ಯಾವುದು? ಸಂಸ್ಕೃತದವರು ಅದಕ್ಕೆ ದಾಕ್ಷಿಣ್ಯವೆನ್ನುತ್ತಾರೆ. ಎಲ್ಲ ನಾಯಿಕೆಯರಿಗೂ ಸಮನಾಗಿ ನಡೆದುಕೊಳ್ಳುವ ಜಾಣನನ್ನು ನಮ್ಮ ಅಲಂಕಾರಶಾಸ್ತ್ರದವರು ದಕ್ಷಿಣ ನಾಯಕನೆಂದು ಕರೆದಿದ್ದಾರೆ. ಅವನ ಪಾಡು ಅವನಿಗಿರಲಿ. ನಮ್ಮ ಕಡೆಯ ಮಾತು ಮುಲಾಜು. “ಮುಲಾಜಿಗೆ ಬಿದ್ದು ಕೊಂಡೆ” ಎಂದು ಯಾರಾದರೂ ಹೇಳಿದರೆ ಕೊಂಡ ವಸ್ತು ಹೇಗಿದೆಯೆಂದು ನಾವು ಮುಂದೆ ಕೇಳುವುದಿಲ್ಲ. ಒಬ್ಬರ ಮನೆಯಲ್ಲಿ ಕುಳಿತು, ಅವರ ಚಹಾ ಕುಡಿದು, ಅವರ ಪಲ್ಲೆ ಉಂಡು, ಬರಿಗೈಯಲ್ಲಿ ಏಳುವುದು ಹೇಗೆ? ಕುಕ್ಕರಿಗೆ ಉಗಿ ಹೇಗೋ ಈ ವ್ಯಾಪಾರಕ್ಕೆ ಮುಲಾಜು ಹಾಗೆ. ನನ್ನ ತಂಗಿ ಉಗಿಯಿಲ್ಲದೆ ಕುಕ್ಕರು ನಡೆಸಲು ಹೊರಟಿದ್ದಳು.

ಕಂಪನಿಯವರು ಕೊಟ್ಟಿದ್ದ ಅಡಿಗೆಯ ಚೀಟಿಗಳನ್ನು ಆಕೆ ಮುಂಚಿತವಾಗಿಯೇ ತಂದುಕೊಟ್ಟಳು. ಲಿಪಿ ಕನ್ನಡದ್ದು. “ಪದಾರ್ಥಗಳನ್ನು ಮಧ್ಯಮ ಜ್ವಾಲೆಗೆ ಒಡ್ಡಿರಿ, ಒತ್ತಡವು ಸ್ವಾಭಾವಿಕವಾಗಿ ನಿರ್ಗಮಿಸುವವರೆಗೆ ನಿರೀಕ್ಷಿಸಿರಿ” ಎಂದಿತ್ತು. ಹೀಗೆ ಹೇಳಿದರೆ ಅನ್ನ ಬೇಯುವ ಬದಲು ನ್ಯಾಯಾಲಯಕ್ಕೆ ಹಾಜರಾದೀತು. ‘ಸಣ್ಣ ಉರಿ ಇಡಿರಿ, ಉಗಿ ತಾನಾಗಿ ಇಳಿಯಲಿ’ ಎಂದು ತಿದ್ದಿದೆ. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ತಿದ್ದಿ ತಿದ್ದಿ ಬಂದ ಚಟ. ಚೀಟಿಯಲ್ಲಿದ್ದ ಅಡಿಗೆಗಳು ಪುಲಾವು, ಖೀರು, ಕೇಕು, ದಾಲ್ ಪಾಲಕ. ಪ್ರತಿಯೊಂದರ ತಲೆಯ ಮೇಲೆ ದಪ್ಪಕ್ಷರದಲ್ಲಿ ಕಂಪನಿಯ ಮಂತ್ರ: ‘ಒಂದೇ ಪಾತ್ರೆ, ಒಂದೇ ಸಲ’.

ಅದನ್ನು ನೋಡುತ್ತ ನನಗೊಂದು ವಿಚಾರ ಹೊಳೆಯಿತು. ಪಾತ್ರೆ ಬರಿಗೈಯಲ್ಲಿ ಬರುವುದಿಲ್ಲ, ತನ್ನ ಊಟವನ್ನು ಕಟ್ಟಿಕೊಂಡೇ ಬರುತ್ತದೆ. ಕುಕ್ಕರು ಅನ್ನ ಉಣ್ಣುವವರ ಪಾತ್ರೆ. ದೆನಿ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಇದರ ಮೂಲಪುರುಷನನ್ನು ತೋರಿಸಿದಾಗ ಅದು ಎಲುಬು ಬೇಯಿಸುವ ಯಂತ್ರವಾಗಿತ್ತು. 1682ರಲ್ಲಿ ಆತ ಅದರಲ್ಲಿಯೇ ಬೇಯಿಸಿ ಆ ಸೊಸೈಟಿಯ ಪಂಡಿತರಿಗೆ ಒಂದು ಊಟ ಹಾಕಿಸಿದ. ಊಟಕ್ಕೆ ಹೋಗಿದ್ದ ಜಾನ್ ಎವೆಲಿನ್ ಅದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಎಲುಬು ಚೀಸಿನಂತೆ ಮೆತ್ತಗಾಗಿತ್ತಂತೆ. ಪಾತ್ರೆಯನ್ನು ತೋರಿಸುವುದಕ್ಕಾಗಿ ಅತಿಥಿಗಳಿಗೆ ಉಣ್ಣಿಸಿದ ನಮ್ಮ ಕಸುಬಿನ ಹಿರಿಯ ಅವನೇ ಇರಬೇಕು. ಎಲುಬಿನ ಯಂತ್ರ ನಮ್ಮ ದೇಶಕ್ಕೆ ಬಂದು, 1959ರ ಸುಮಾರಿನಿಂದ ಇಲ್ಲಿಯೇ ತಯಾರಾಗತೊಡಗಿ, ಅನ್ನ ಬೇಳೆಗಳ ಯಂತ್ರವಾಯಿತು. ಆದರೆ ಯಾದಗಿರಿ, ಶಹಾಪುರ, ಸುರಪುರಗಳು ಜೋಳದ ಸೀಮೆ. ಇಲ್ಲಿಯ ಊಟಕ್ಕೆ ಬೇಕಾದದ್ದು ಹಂಚು, ಪರಾತ, ಮತ್ತು ಬಡಿಯುವ ಎರಡು ಕೈ. ನಾರಾಯಣಪುರದ ಅಣೆಕಟ್ಟಿನ ಎಡದಂಡೆ ಕಾಲುವೆ ಶಹಾಪುರ, ಸುರಪುರಗಳ ಹೊಲಕ್ಕೆ ಕೃಷ್ಣೆಯ ನೀರು ತಂದ ಮೇಲೆ ಗದ್ದೆಗಳಾದವು, ಭತ್ತ ಬಂತು, ಹಬ್ಬದ ಅನ್ನ ದಿನದ ಅನ್ನವಾಯಿತು. ಕುಕ್ಕರಿನ ಸೀಟಿ ನಮ್ಮ ಓಣಿಗಳಲ್ಲಿ ಕೇಳತೊಡಗಿದ್ದೂ ಅದರ ಹಿಂದೆಯೇ. ಆದರೂ ಪುಲಾವು ತೋರಿಸಿ ನಮ್ಮ ಹೆಂಗಸರ ಮನಸ್ಸು ಗೆಲ್ಲಬಹುದೆಂದು ನನಗೆ ತೋರಲಿಲ್ಲ.

“ಪುಂಡಿಪಲ್ಲೆ ಮಾಡೋಣು” ಎಂದೆ.

ತಂಗಿ ಬಹಳ ಹೊತ್ತು ಸುಮ್ಮನಿದ್ದಳು. “ಚೀಟಿಯೊಳಗ ಇಲ್ಲಲ್ಲ ಅಕ್ಕ” ಎಂದಳು.

“ಚೀಟಿ ಬರದಾಂವ ಪುಂಡಿಪಲ್ಲೆ ಉಂಡಿಲ್ಲ.”

ಶ್ರಾವಣ ಕಳೆದ ಮೇಲಿನ ಒಂದು ರವಿವಾರ ಎಲ್ಲರೂ ಬಂದರು. ಓಣಿಯವರು, ಕಾಲೇಜಿನ ಗೆಳತಿಯರು ಮೂವರು, ಮೈಸೂರಿನ ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕಿನ ಅಧಿಕಾರಿಯ ಹೆಂಡತಿ. ಎಲ್ಲರಿಗಿಂತ ಮುಂದೆ, ಗೋಡೆಗೆ ಆನಿಕೊಂಡು, ನಮ್ಮ ಅತ್ತೆಯವರು. ಸುರಪುರದ ತವರಿನವರು; ಎಂಬತ್ತು ದಾಟಿದೆ. ಅವರು ಮೊದಲು ನೋಡಿದ್ದು ಪಾತ್ರೆಗಳನ್ನಲ್ಲ, ತಂಗಿಯ ಕೊರಳಿನಲ್ಲಿ ನೇತಾಡುತ್ತಿದ್ದ ಫೋಟೋ ಅಂಟಿಸಿದ ಗುರುತಿನ ಚೀಟಿಯನ್ನು.

“ಏನವ್ವ ಇದು? ಕಂಡಕ್ಟರ್ ಆದ್ಯೇನು?”

“ಇಲ್ರಿ ಅತ್ತಿ, ಕಾಯ್ದೆ ಅದರಿ.” ಅವಳು ಹೇಳಿದ್ದು ದಿಟ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ನೇರ ಮಾರಾಟಕ್ಕೆ ನಿಯಮಗಳನ್ನು ಹೊರಡಿಸಿತು. ಒಬ್ಬರ ಕೆಳಗೆ ಒಬ್ಬರನ್ನು ಸೇರಿಸಿ ಹಣ ಎತ್ತುವ ಪಿರಮಿಡ್ಡಿನ ಆಟ ಕೂಡದೆಂದಿತು. ಮಾರುವವರು ಗುರುತಿನ ಚೀಟಿಯಿಲ್ಲದೆ, ಮೊದಲು ಒಪ್ಪಿಗೆ ಪಡೆಯದೆ ಗಿರಾಕಿಯ ಮನೆ ಹೊಗಬಾರದೆಂದಿತು. ಅಕ್ಕನ ಮನೆಗೆ ತಂಗಿ ಚೀಟಿ ಕಟ್ಟಿಕೊಂಡು ಬರುವ ಪ್ರಸಂಗವನ್ನು ಆ ನಿಯಮ ಬರೆದವರು ನೆನೆಸಿರಲಿಕ್ಕಿಲ್ಲ.

ಮೊದಲನೆಯದು ಸೋಡಾದ ಪರೀಕ್ಷೆ. ಹಳೆಯ ಅಲ್ಯುಮಿನಿಯಮ್ ಬೋಗುಣಿಯಲ್ಲೊಮ್ಮೆ, ಕಂಪನಿಯ ಸ್ಟೀಲ್ ಪಾತ್ರೆಯಲ್ಲೊಮ್ಮೆ ನೀರಿಗೆ ತಿನ್ನುವ ಸೋಡಾ ಹಾಕಿ ಕುದಿಸಿ, ಒಂದೊಂದು ಚಮಚ ಎಲ್ಲರ ನಾಲಗೆಗೆ ಕೊಡಬೇಕು. ಅಲ್ಯುಮಿನಿಯಮ್ಮಿನ ನೀರಿಗೆ ಲೋಹದ ರುಚಿ ಬರುತ್ತದೆ, ಹೆಂಗಸರು ಹೌಹಾರುತ್ತಾರೆ. ಇದು ಈ ಕಸುಬಿನ ಹಳೆಯ ಕೈಚಳಕ. ಆದರೆ ಆ ದಿನ ಮುಂದಿನ ಸಾಲಿನಲ್ಲಿ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕಿ ಕುಳಿತಿದ್ದರು. “ಸೋಡಾ ಕ್ಷಾರ ಅದರಿ. ಅಲ್ಯುಮಿನಿಯಮ್ಮಿನ ಮೇಲಿನ ಪದರ ಅದಕ್ಕ ಕರಗತದ. ನಾವು ದಿನಾ ಸೋಡಾ ಕುದಿಸಿ ಉಣ್ತೀವೇನು?” ಎಂದು ಶಾಂತವಾಗಿ ಕೇಳಿದರು. ತಂಗಿ ನನ್ನ ಕಡೆ ನೋಡಿದಳು. ನಾನು ಹಳಗನ್ನಡದ ಸಂಧಿಯನ್ನಾದರೆ ಬಿಡಿಸುತ್ತಿದ್ದೆ. ಇದು ನನ್ನ ವಿಷಯವಲ್ಲ.

ಬಿಡಿಸಿದವರು ಅತ್ತೆಯವರು. “ಸೋಡಾ ಬಿಡ್ರಿ, ಪುಂಡಿಪಲ್ಲೆ ಇಡ್ರಿ ಅದರಾಗ. ಹುಳಿ ಬಿಡತದೇನು? ನಮ್ಮವ್ವ ಕಲಾಯಿ ಹೋದ ಹಿತ್ತಾಳಿಯೊಳಗ ಪುಂಡಿ ಇಟ್ಟವರ ಕೈಗೆ ಬಡೀತಿದ್ದಳು. ಪುಂಡಿಗೆ ಮಣ್ಣಿನ ಗಡಗಿನ ಸೈ.” ರಸಾಯನಶಾಸ್ತ್ರದವರು ತಲೆದೂಗಿದರು. ಕ್ಷಾರದಂತೆ ಹುಳಿಯೂ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ, ಸ್ಟೀಲಿಗೆ ಆ ಭಯ ಕಡಿಮೆ ಎಂದರು. ಕಂಪನಿ ಸೋಡಾ ಕುದಿಸಿ ಸಾಧಿಸಬೇಕೆಂದಿದ್ದುದು ಸುರಪುರದ ಒಂದು ಅಡಿಗೆಮನೆಯಲ್ಲಿ ಯಾವಾಗಲೋ ಸಾಧಿತವಾಗಿತ್ತು. ತಂಗಿಯ ಮುಖಕ್ಕೆ ಸ್ವಲ್ಪ ರಕ್ತ ಬಂತು.

ಇನ್ನು ಪಲ್ಲೆ. ಬೇಳೆ ನಮ್ಮ ಕಡೆಯದೇ. 2019ರಲ್ಲಿ ಭೌಗೋಳಿಕ ಗುರುತು ಪಡೆದು ಹೆಸರಾದ ಗುಲಬರ್ಗಾ ತೊಗರಿಬೇಳೆ. ಜೊತೆಗೆ ಒಂದು ಹಿಡಿ ಜೋಳದ ನುಚ್ಚು, ಹಸಿಮೆಣಸಿನಕಾಯಿ, ಒಂದು ಗಡ್ಡೆ ಬೆಳ್ಳುಳ್ಳಿ, ಮತ್ತು ಪರಾತದ ತುಂಬ ಬಿಡಿಸಿ ತೊಳೆದ ಪುಂಡಿಯ ಎಲೆ. ನಾನು ಬೇಳೆ ತೊಳೆಯುತ್ತ, ಪಾತ್ರೆಯ ತಳ ಮೂರು ಪದರದ್ದು, ಕಾವು ಸಮನಾಗಿ ಹರಡುತ್ತದೆ, ಒಳಗೆ ಉಗಿ ಕಟ್ಟಿದಾಗ ನೀರು ನೂರರ ಬದಲು 120 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ, ಅದಕ್ಕೇ ಬೇಗ ಬೇಯುತ್ತದೆ ಎಂದೆಲ್ಲ ಹೇಳುತ್ತಿದ್ದೆ. ತರಗತಿಯಲ್ಲಿ ನನ್ನ ಮಾತಿಗೆ ಇಷ್ಟು ಕಣ್ಣುಗಳು ಎಂದೂ ತೆರೆದಿರಲಿಲ್ಲ.

“ಎಷ್ಟು ವಿಷಲ್ ಬೇಕ್ರೀ?” ಎಂದರು ಬ್ಯಾಂಕಿನವರ ಮನೆಯವರು.

“ಸೀಟಿ” ಎಂದು ಓಣಿಯವರೊಬ್ಬರು ಅನುವಾದಿಸಿದರು.

“ನಮ್ ಕಡೆ ಕೂಗು ಅಂತಲೂ ಅಂತಾರೆ.” ಕನ್ನಡದ ಅಧ್ಯಾಪಕಿಯಾದ ನನ್ನ ತೀರ್ಪನ್ನು ಕೇಳುವವರಂತೆ ಎಲ್ಲರೂ ನನ್ನ ಕಡೆ ತಿರುಗಿದರು. ಕೂಗು ಎಂಬುದೇ ಚೆಲುವಾದ ಮಾತು, ಕೋಳಿಯ ಮಾನವನ್ನು ಯಂತ್ರಕ್ಕೆ ಕೊಟ್ಟಂತಾಯಿತು ಎಂದೆ. ಆದರೆ ನಮ್ಮ ಓಣಿಯಲ್ಲಿ ಅದು ಸೀಟಿಯೇ. ನಾನು ಹೇಳಿದರೆ ಬದಲಾಗುವುದಿಲ್ಲ.

ಆಗ ಹಿಂದಿನಿಂದ ಒಬ್ಬರು, “ಎಲ್ಲಾ ಕೂಡಿ ಹಾಕಿಬಿಡ್ರಲ್ಲ. ಪುಂಡಿ, ಬ್ಯಾಳಿ, ನುಚ್ಚು. ಒಂದೇ ಸಲ ಅಂತ ಬರದಾರಲ್ಲ” ಎಂದು ಚೀಟಿ ಎತ್ತಿ ತೋರಿಸಿದರು. ಅದರಲ್ಲಿ ದಾಲ್ ಪಾಲಕದ ಕೆಳಗೆ ಹಾಗೆಯೇ ಇತ್ತು. ಕಂಪನಿಯ ಮಂತ್ರವೇ ಅದು. ಅದನ್ನು ಎಲ್ಲ ಮನೆಗಳಲ್ಲಿಯೂ ಮೂರು ಸಲ ಹೇಳಬೇಕೆಂದು ತಂಗಿಗೆ ಕಲಿಸಿ ಕಳಿಸಿದ್ದರು. ನಾನು ಸೊಪ್ಪು ಹಿಡಿದು ನಿಂತೆ. ಹಾಕಿದರೆ ಏನಾಗುತ್ತದೆಂದು ಅಲ್ಲಿದ್ದ ಅರ್ಧ ಜನಕ್ಕೆ ಗೊತ್ತು. ಹಾಕದಿದ್ದರೆ ಮಂತ್ರ ಸುಳ್ಳಾಗುತ್ತದೆ.

ನಾಲ್ಕು ಮಂದಿಯ ಮುಂದೆ ಬಾಯಿ ಒಣಗುತ್ತದೆಂದವಳು ಎದ್ದು ನಿಂತಳು. “ಎರಡು ಸಲ ಇಡಬೇಕ್ರಿ. ಪಾಲಕಕ್ಕ ಒಂದೇ ಸಲ ನಡೀತದ, ಪುಂಡಿಗೆ ನಡ್ಯಂಗಿಲ್ಲ. ಹುಳಿ ಬಿದ್ರ ಬ್ಯಾಳಿ ಕರಗಂಗಿಲ್ಲ. ಈ ಕುಕ್ಕರಿನಾಗೂ ಅಷ್ಟ, ಯಾವ ಕುಕ್ಕರಿನಾಗೂ ಅಷ್ಟ. ಬ್ಯಾಳಿ, ನುಚ್ಚು ಮೊದಲ. ಪುಂಡಿ ಬ್ಯಾರೆ ಕುದಿಸಿ, ನೀರು ಬಸದು, ಆಮ್ಯಾಲ ಕೂಡಸೋದು.”

ಹುಳಿ ಬೇಳೆಯ ಒಳಗಿನ ಪೆಕ್ಟಿನ್ನನ್ನು ಗಟ್ಟಿಯಾಗಿ ಹಿಡಿದಿಡುತ್ತದೆ, ಕರಗಗೊಡುವುದಿಲ್ಲ ಎಂದು ರಸಾಯನಶಾಸ್ತ್ರದವರು ಕಾರಣ ಹೇಳಿದರು. ಅತ್ತೆಯವರು ಕಾರಣ ಕೇಳಲಿಲ್ಲ. ಗೋಡೆಯಿಂದ ಬೆನ್ನೆತ್ತಿ, “ಸೀಟಿ ಎಷ್ಟು?” ಎಂದರು.

“ಬ್ಯಾಳಿ ಹೊಸಾದಿದ್ರ ಮೂರು, ಹಳೇದಿದ್ರ ಐದು.”

“ಹೂಂ” ಎಂದರು. ಆ ‘ಹೂಂ’ ಪಡೆಯಲು ನನಗೆ ಈ ಮನೆಯಲ್ಲಿ ಏಳು ವರ್ಷ ಹಿಡಿದಿತ್ತು.

ಮುಂದಿನದು ವೇಗವಾಗಿ ನಡೆಯಿತು. ಮುಚ್ಚಳ ತೆಗೆದಾಗ ಬೇಳೆ ಬೆಣ್ಣೆಯಂತಾಗಿತ್ತು. ಬಸಿದ ಪುಂಡಿ ಸೇರಿಸಿ, ಕಡಗೋಲಿನಿಂದ ಮಸೆದು, ಸಣ್ಣ ಉರಿಯ ಮೇಲೆ ಇಟ್ಟು, ಕೈಬಿಚ್ಚಿ ಎಣ್ಣೆ ಹಾಕಿ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟೆ. ರೊಟ್ಟಿ ಬೆಳಿಗ್ಗೆಯೇ ಬಡಿದಿಟ್ಟಿದ್ದೆ. ಕಂಪನಿಯ ಸೆಟ್ಟಿನಲ್ಲಿದ್ದ ಅಂಟದ ಹಂಚಿನ ಮೇಲೆ ಜೋಳದ ರೊಟ್ಟಿ ಆಗುತ್ತದೆಯೇ ಎಂದು ಒಬ್ಬರು ಕೇಳಿದರು. ಬರಿದಾಗಿ ಅಷ್ಟು ಕಾಯಿಸಿದರೆ, 260 ಡಿಗ್ರಿ ದಾಟಿದರೆ, ಅದರ ಲೇಪ ಕೆಡುತ್ತದೆ, ರೊಟ್ಟಿಗೆ ನಿಮ್ಮ ಕಬ್ಬಿಣದ ಹಂಚೇ ಇರಲಿ ಎಂದಳು ತಂಗಿ. ಮಾರಲು ಬಂದವಳು ಹೀಗೆ ಎರಡನೆಯ ಸಲ ಮಾರದಂತೆ ಮಾತನಾಡಿದ್ದು ನನಗೆ ಸ್ವಲ್ಪ ಹೆಚ್ಚಾಯಿತೆನಿಸಿತು.

ಉಂಡರು, ಹಸಿ ಉಳ್ಳಾಗಡ್ಡಿ ಕಡಿದರು, ಹೆಸರು ಬರೆಸುವ ಹೊತ್ತು ಬಂತು. ಬ್ಯಾಂಕಿನವರ ಮನೆಯವರು ಮೊದಲು ಬರೆಸಿದರು. ಓಣಿಯ ಇಬ್ಬರು ಬರೆಸಿದರು. ಒಬ್ಬರು ಕಂತು ಕೇಳಿದರು. ರಸಾಯನಶಾಸ್ತ್ರದವರು ತಮ್ಮ ಮನೆಯಲ್ಲಿ ಎರಡು ಕುಕ್ಕರುಗಳಿವೆ, ಬೇಡವೆಂದು ನೇರವಾಗಿ ಹೇಳಿದರು. ತಂಗಿ ಅವರಿಗೆ ಎರಡನೆಯ ಸಲ ರೊಟ್ಟಿ ನೀಡಿದಳು.

ಹೊರಡುವಾಗ ಒಬ್ಬ ಗೆಳತಿ ಬಾಗಿಲ ಬಳಿ ನನ್ನ ಕೈ ಹಿಡಿದು, ದನಿ ತಗ್ಗಿಸಿ, “ನನಗೇನೂ ಬೇಕಾಗಿಲ್ರಿ. ಆದ್ರ ನಿಮ್ಮ ತಂಗಿ ಪರಿಸ್ಥಿತಿ ಗೊತ್ತದ. ನಿಮ್ಮ ಸಲುವಾಗಿ ಒಂದು ಬರಕೊಳ್ರಿ” ಎಂದರು. ನಿಜವಾದ ಪ್ರೀತಿಯಿಂದ ಹೇಳಿದ ಮಾತು. ನಾನು ಒಳಗೆ ಬಂದು ಹೆಸರು ಹೇಳಿದೆ. ತಂಗಿ ಪೆನ್ನು ಎತ್ತಲಿಲ್ಲ. ಬಾಗಿಲ ಮಾತು ಅವಳಿಗೆ ಕೇಳಿಸಿತ್ತು.

“ಅವರದು ಬ್ಯಾಡ ಅಕ್ಕ.”

ನಾನು ವಾದಿಸಿದೆ. ಹುಡುಗನ ಫೀಜು ಕಟ್ಟಿಸಿಕೊಳ್ಳುವವರು ಆ ರೂಪಾಯಿ ಕುಕ್ಕರಿನದೋ ಮುಲಾಜಿನದೋ ಎಂದು ಕೇಳುವುದಿಲ್ಲವೆಂದೆ. ಅಂಗಡಿಯವರೆಲ್ಲ ಹೀಗೆ ಗಿರಾಕಿಯ ಮನಸ್ಸನ್ನು ಬಗೆದು ನೋಡಿ ಮಾರಿದರೆ ಪೇಟೆ ನಡೆಯುವುದಿಲ್ಲವೆಂದೆ. ಈಗಲೂ ನನ್ನ ಅಭಿಪ್ರಾಯ ಅದೇ. ಅವಳು ವಹಿಯನ್ನು ಮುಚ್ಚಿ, ಪಾತ್ರೆ ಒರೆಸತೊಡಗಿದಳು. ಮೂರು ಹೆಸರು. ಆ ಮೂರರಿಂದ ಬರುವ ಕಮಿಷನ್ನಿನಲ್ಲಿ ಮಗನ ಪುಸ್ತಕಗಳಾಗುತ್ತವೆ, ಫೀಜಾಗುವುದಿಲ್ಲ; ಲೆಕ್ಕ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆಡಲಿಲ್ಲ.

ಶಹಾಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಉಳಿದ ಪಲ್ಲೆಯನ್ನು ಎರಡು ಪಾಲು ಮಾಡಿದೆ: ಒಂದು ಹುಡುಗನಿಗೆ, ಒಂದು ನಮಗೆ ನಾಳೆಗೆ, ಪುಂಡಿಪಲ್ಲೆ ಮರುದಿನವೇ ರುಚಿ. ಅತ್ತೆಯವರು ತಂಗಿಯನ್ನು ಹತ್ತಿರ ಕರೆದು ಮುಂದಿನ ಕಾರ್ಯಕ್ರಮ ಎಲ್ಲೆಂದು ಕೇಳಿದರು. ಸುರಪುರ, ಬರುವ ರವಿವಾರ, ಅಲ್ಲಿ ತನಗೆ ಪರಿಚಯದವರು ಕಡಿಮೆ ಎಂದಳು.

“ನಾ ಬರ್ತೀನಿ. ನನಗೆಲ್ಲಾ ಗೊತ್ತವ ಅಲ್ಲಿ ಮನಿ.” ಸ್ವಲ್ಪ ತಡೆದು, ಅವಳ ಕೊರಳಿನ ಚೀಟಿಯನ್ನು ಬೆರಳಿನಿಂದ ಹಿಡಿದು ನೋಡಿ, “ನನಗೂ ಒಂದು ಇದು ಬೇಕಾಗತದೇನು?” ಎಂದರು.